ಪೂರೈಕೆಯ ಸರಪಣಿ ಮತ್ತು ‘ಬಿಯರ್ ಆಟ’: ಇತಿಹಾಸದ ದೃಷ್ಟಿಯಿಂದ ಒಂದು ವಿಮರ್ಶೆ

೧

ವಾಣಿಜ್ಯಶಾಸ್ತ್ರದ ಅಧ್ಯಯನದಲ್ಲಿ ಆಟಕ್ಕೆ ಸ್ಥಾನವುಂಟೆ ಎಂದು ಕೇಳುವ ಕಾಲ ಹಿಂದೆ ಸರಿದಿದೆ. ಇಂದು ನಾನಾ ದೇಶಗಳ ವ್ಯವಹಾರಾಡಳಿತ ವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಗ್ರಂಥಗಳನ್ನು ಓದುವುದರೊಂದಿಗೆ ಕಲ್ಪಿತ ವ್ಯಾಪಾರಗಳನ್ನು ನಡೆಸಿ, ಕಲ್ಪಿತ ಲಾಭನಷ್ಟಗಳನ್ನು ಅನುಭವಿಸಿ ಕಲಿಯುತ್ತಾರೆ. ಸಿಮ್ಯುಲೇಷನ್ ಎಂದು ಹೆಸರು ಪಡೆದಿರುವ ಈ ಪದ್ಧತಿಯನ್ನು ನಾವು ಇಲ್ಲಿ ‘ಅನುಕರಣ ಕ್ರೀಡೆ’ ಎಂದು ಕರೆಯುತ್ತೇವೆ. ಸರಕು ಬೆಳೆಯುವ ಹೊಲದಿಂದ ಕೊಳ್ಳುವವನ ಮನೆಯವರೆಗೆ ಹಬ್ಬಿರುವ ಪೂರೈಕೆಯ ಸರಪಣಿಯನ್ನು ಕಲಿಸುವುದಕ್ಕಾಗಿ ಹುಟ್ಟಿದ ಕ್ರೀಡೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ‘ಬಿಯರ್ ಆಟ’. ಅದರ ಗುಣದೋಷಗಳ ವಿಚಾರವೇ ಪ್ರಕೃತ ಲೇಖನದ ವಿಷಯ.

ಇತಿಹಾಸದ ಅಧ್ಯಾಪಕರಿಗೆ ಇದರಲ್ಲಿ ಏನು ಅಧಿಕಾರ ಎಂದು ವಾಚಕರು ಕೇಳಬಹುದು. ನಮ್ಮ ಉತ್ತರವಿಷ್ಟೆ: ಅನುಕರಣ ಕ್ರೀಡೆಯೂ ಇತಿಹಾಸಗ್ರಂಥದಂತೆ ಲೋಕವ್ಯವಹಾರದ ಒಂದು ನಿರೂಪಣೆ. ಇತಿಹಾಸಕಾರನು ಯಾವ ಸಂಗತಿಯನ್ನು ಒಳಗೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತುಮಾಡಿಕೊಳ್ಳುವಂತೆಯೆ ಆಟವನ್ನು ರಚಿಸಿದವನೂ ಮಾಡಿಕೊಳ್ಳುತ್ತಾನೆ. ಗ್ರಂಥದಲ್ಲಿ ಬಿಟ್ಟುಹೋದುದನ್ನು ಜಾಗರೂಕನಾದ ಓದುಗನು ಗುರುತಿಸಬಲ್ಲನು. ಆಟದಲ್ಲಿ ಬಿಟ್ಟುಹೋದುದನ್ನು ಆಡುವವನು ಗುರುತಿಸುವುದು ಕಷ್ಟ; ಏಕೆಂದರೆ ಅವನು ಅದರೊಳಗೇ ಇರುತ್ತಾನೆ. ಆದುದರಿಂದ ಗ್ರಂಥವಿಮರ್ಶೆಗಿಂತ ಆಟದ ವಿಮರ್ಶೆ ಹೆಚ್ಚು ಅಗತ್ಯವೆಂದು ನಮಗೆ ತೋರುತ್ತದೆ.

ಈ ಪದ್ಧತಿಯ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬಹುದು. ೧೮೨೪ರಲ್ಲಿ ಪ್ರಷ್ಯದ ಸೈನ್ಯವು ರೈಸ್‌ವಿಟ್ಸ್ ಎಂಬ ಅಧಿಕಾರಿಯು ಸಿದ್ಧಪಡಿಸಿದ ಯುದ್ಧದ ಆಟವನ್ನು ತನ್ನ ಅಧಿಕಾರಿಗಳ ಶಿಕ್ಷಣಕ್ಕಾಗಿ ಸ್ವೀಕರಿಸಿತು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ರ್‍ಯಾಂಡ್ ಸಂಸ್ಥೆಯು ವಾಯುಸೇನೆಯ ಬಿಡಿಭಾಗಗಳ ದಾಸ್ತಾನನ್ನು ಕುರಿತು ೧೯೫೫ರಲ್ಲಿ ‘ಮೊನೊಪೊಲಾಗ್ಸ್’ ಎಂಬ ಕ್ರೀಡೆಯನ್ನು ರಚಿಸಿತು. ಅದಾದ ಒಂದೆರಡು ವರ್ಷಗಳಲ್ಲಿಯೆ ಅಮೆರಿಕದ ವ್ಯವಸ್ಥಾಪಕರ ಸಂಘವು ವಾಣಿಜ್ಯಸಂಸ್ಥೆಗಳ ಹಿರಿಯ ಅಧಿಕಾರಿಗಳಿಗಾಗಿ ಇಂತಹುದೇ ಆಟವೊಂದನ್ನು ಏರ್ಪಡಿಸಿತು. ಯುದ್ಧರಂಗದಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಅಂಗಡಿಗೆ ಈ ವಿದ್ಯೆ ಇಳಿದುಬಂದ ದಾರಿ ಇದು. ಬಿಯರ್ ಆಟವು ಈ ಮನೆತನದಲ್ಲಿ ಹುಟ್ಟಿದ್ದರೂ ಅದರ ಉದ್ದೇಶ ಬೇರೆ. ಗೆಲ್ಲುವುದು ಹೇಗೆ ಎಂಬುದನ್ನು ಕಲಿಸುವ ಬದಲು, ಜಾಣರಾದವರೂ ಏಕೆ ಸೋಲುತ್ತಾರೆ ಎಂಬುದನ್ನು ಅದು ಕಲಿಸುತ್ತದೆ.

೨

ಬಿಯರ್ ಆಟದ ಮೂಲದಲ್ಲಿರುವ ವಿಚಾರವು ಜೇ ಫಾರೆಸ್ಟರ್ (೧೯೧೮–೨೦೧೬) ಅವರದು. ಗಣಕಯಂತ್ರದ ಸ್ಮರಣಕೋಶದ ನಿರ್ಮಾಣದಲ್ಲಿ ಹೆಸರು ಗಳಿಸಿದ್ದ ಈ ಯಂತ್ರಶಿಲ್ಪಿ ೧೯೫೬ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ವ್ಯವಹಾರಾಡಳಿತ ವಿಭಾಗಕ್ಕೆ ಬಂದರು. ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಕೆಂಟಕಿಯಲ್ಲಿ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಗಳಿದ್ದವು. ಅವು ಒಮ್ಮೆ ಹಗಲಿರುಳು ದುಡಿಯುವುದು, ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಕೆಲಸಗಾರರನ್ನು ಮನೆಗೆ ಕಳುಹಿಸುವುದು ಏಕೆಂದು ಕಂಪನಿಯವರಿಗೆ ತಿಳಿಯಲಿಲ್ಲ. ಮಾರುಕಟ್ಟೆಯ ಏರಿಳಿತವೇ ಕಾರಣವೆಂಬ ರೂಢಿಯ ಉತ್ತರ ಫಾರೆಸ್ಟರ್ ಅವರಿಗೆ ಸಾಲದಾಯಿತು. ಅವರು ಕಾಗದ ಪೆನ್ಸಿಲುಗಳನ್ನು ಹಿಡಿದು, ದಾಸ್ತಾನು ಎಷ್ಟು, ಬೇಡಿಕೆ ಎಷ್ಟು, ಅಧಿಕಾರಿಗಳು ಕೆಲಸಗಾರರನ್ನು ಸೇರಿಸಿಕೊಳ್ಳುವ ನಿಯಮವೇನು ಎಂದು ವಾರವಾರಕ್ಕೂ ಲೆಕ್ಕಹಾಕುತ್ತ ಹೋದರು. ಹೊರಗಿನ ಬೇಡಿಕೆ ಸ್ಥಿರವಾಗಿದ್ದರೂ ಒಳಗಿನ ನಿಯಮಗಳಿಂದಲೇ ಏರಿಳಿತ ಹುಟ್ಟುವುದೆಂದು ಕಂಡುಬಂದಿತು. ಈ ಚಿಂತನೆಯು ೧೯೫೮ರ ಲೇಖನವೊಂದರಲ್ಲಿಯೂ ೧೯೬೧ರ ‘ಇಂಡಸ್ಟ್ರಿಯಲ್ ಡೈನಮಿಕ್ಸ್’ ಎಂಬ ಗ್ರಂಥದಲ್ಲಿಯೂ ಪ್ರಕಟವಾಯಿತು. ಇದನ್ನು ತರಗತಿಯಲ್ಲಿ ಕೈಯಾರೆ ಮಾಡಿ ತೋರಿಸುವ ಸಲುವಾಗಿ ಅದೇ ಸಂಸ್ಥೆಯಲ್ಲಿ ೧೯೬೦ರ ದಶಕದಲ್ಲಿ ರೂಪುಗೊಂಡುದೇ ಬಿಯರ್ ಆಟ.

ಆಟದ ನಿಯಮಗಳು ಸರಳ. ಮೇಜಿನ ಮೇಲೆ ನಾಲ್ಕು ಸ್ಥಾನಗಳಿರುತ್ತವೆ: ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಪ್ರತಿಯೊಬ್ಬನ ಬಳಿಯೂ ಆರಂಭದಲ್ಲಿ ೧೨ ಪೆಟ್ಟಿಗೆ ಸರಕು ಇರುತ್ತದೆ. ಪ್ರತಿ ವಾರವೂ ಕೆಳಗಿನ ಸ್ಥಾನದಿಂದ ಬಂದ ಬೇಡಿಕೆಯ ಚೀಟಿಯನ್ನು ನೋಡಿ ಸರಕು ಕಳುಹಿಸಬೇಕು. ತನಗೆ ಬೇಕಾದುದನ್ನು ಮೇಲಿನ ಸ್ಥಾನದಿಂದ ತರಿಸಿಕೊಳ್ಳಬೇಕು. ಚೀಟಿ ಮೇಲಕ್ಕೆ ಹೋಗುವುದಕ್ಕೂ ಕಾಲ ಹಿಡಿಯುತ್ತದೆ. ಸರಕು ಕೆಳಕ್ಕೆ ಬರುವುದಕ್ಕೆ ಮತ್ತೆ ಎರಡು ವಾರ ಹಿಡಿಯುತ್ತದೆ. ಉಳಿದ ಪೆಟ್ಟಿಗೆಯೊಂದಕ್ಕೆ ವಾರಕ್ಕೆ ಅರ್ಧ ಡಾಲರ್ ಖರ್ಚು. ಕೊಡಲಾಗದೆ ಬಾಕಿ ನಿಂತ ಪೆಟ್ಟಿಗೆಯೊಂದಕ್ಕೆ ಒಂದು ಡಾಲರ್ ದಂಡ. ಆಟಗಾರರು ಪರಸ್ಪರ ಮಾತನಾಡುವಂತಿಲ್ಲ. ಕೊಳ್ಳುವ ಜನರ ಬೇಡಿಕೆ ಎಷ್ಟೆಂಬುದು ಚಿಲ್ಲರೆ ಅಂಗಡಿಯವನೊಬ್ಬನಿಗೇ ಗೊತ್ತು. ನಾಲ್ವರ ಖರ್ಚನ್ನೂ ಕೂಡಿಸಿ ಯಾವ ಮೇಜಿನ ಮೊತ್ತ ಕಡಿಮೆಯೋ ಆ ಮೇಜಿಗೆ ಗೆಲುವು.

ಇಡೀ ಆಟದ ಗುಟ್ಟು ಜನರ ಬೇಡಿಕೆಯಲ್ಲಿದೆ. ಮೊದಲ ನಾಲ್ಕು ವಾರ ಅದು ವಾರಕ್ಕೆ ೪ ಪೆಟ್ಟಿಗೆ. ಐದನೆಯ ವಾರ ೮ ಪೆಟ್ಟಿಗೆಗೆ ಏರುತ್ತದೆ. ಬಳಿಕ ಕೊನೆಯವರೆಗೂ ೮ ಆಗಿಯೇ ಉಳಿಯುತ್ತದೆ. ಈ ಒಂದು ಮೆಟ್ಟಿಲನ್ನು ಬಿಟ್ಟರೆ ಹೊರಗಿನಿಂದ ಬೇರೇನೂ ಬರುವುದಿಲ್ಲ. ಹೀಗಿದ್ದರೂ ಅಂಗಡಿಯಲ್ಲಿ ಸರಕು ಬರಿದಾಗುತ್ತದೆ. ಭಯದಿಂದ ಹೆಚ್ಚು ಹೆಚ್ಚು ಚೀಟಿಗಳು ಮೇಲಕ್ಕೆ ಹೋಗುತ್ತವೆ. ಪ್ರತಿ ಸ್ಥಾನದಲ್ಲಿಯೂ ಭಯ ಇಮ್ಮಡಿಯಾಗುತ್ತದೆ. ಕೊನೆಗೆ ಕಾರ್ಖಾನೆಯಿಂದ ಹೊರಟ ಸರಕಿನ ಪ್ರವಾಹವು ಯಾರಿಗೂ ಬೇಡವಾದ ಹೊತ್ತಿನಲ್ಲಿ ಬಂದು ಉಗ್ರಾಣಗಳನ್ನು ತುಂಬುತ್ತದೆ. ಚಾಟಿಯ ಹಿಡಿಯನ್ನು ಸ್ವಲ್ಪ ಅಲುಗಿಸಿದರೆ ತುದಿ ದೂರ ಬೀಸುವಂತೆ ನಡೆಯುವ ಈ ವಿದ್ಯಮಾನಕ್ಕೆ ‘ಚಾಟಿಯ ಪರಿಣಾಮ’ ಎಂಬ ಹೆಸರು ಬಂದಿದೆ.

೩

ಈ ಆಟದ ಮೊದಲ ಗುಣವೆಂದರೆ ಅದು ಅಹಂಕಾರವನ್ನು ಇಳಿಸುತ್ತದೆ. ಜಾನ್ ಸ್ಟರ್ಮನ್ ಅವರು ೧೯೮೯ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ೪೪ ಮಂದಿ ಆಡಿದ ೧೧ ಆಟಗಳ ಲೆಕ್ಕವಿದೆ. ಒಂದು ಮೇಜಿನ ಸರಾಸರಿ ಖರ್ಚು ೨,೦೨೮ ಡಾಲರ್. ಅದೇ ಆಟವನ್ನು ವಿವೇಕದ ನಿಯಮವೊಂದನ್ನು ಅನುಸರಿಸಿ ನಡೆಸಿದ್ದರೆ ಆಗುತ್ತಿದ್ದ ಖರ್ಚು ೨೦೪ ಡಾಲರ್. ಸುಶಿಕ್ಷಿತರಾದ ಆಟಗಾರರು ಆಗಬೇಕಾದುದರ ಹತ್ತರಷ್ಟನ್ನು ಕಳೆದರು. ದಾರಿಯಲ್ಲಿ ಬರುತ್ತಿರುವ ಸರಕನ್ನು ಅವರು ತಕ್ಕಷ್ಟು ಲೆಕ್ಕಕ್ಕೆ ತೆಗೆದುಕೊಳ್ಳದೆ ಮತ್ತೆ ಮತ್ತೆ ತರಿಸಿದುದೇ ಇದಕ್ಕೆ ಮುಖ್ಯ ಕಾರಣವೆಂದು ಸ್ಟರ್ಮನ್ ತೋರಿಸಿದರು. ಇನ್ನೂ ಸ್ವಾರಸ್ಯವಾದುದು ಆಟ ಮುಗಿದ ಮೇಲಿನ ಮಾತು. ಜನರ ಬೇಡಿಕೆ ಹೇಗಿತ್ತೆಂದು ರೇಖೆಯಲ್ಲಿ ಬರೆಯಿರೆಂದರೆ ಬಹುಮಂದಿ ಬೆಟ್ಟಕಣಿವೆಗಳನ್ನು ಬರೆಯುತ್ತಾರೆ. ತಮ್ಮ ಕೈಯಿಂದಲೇ ಎದ್ದ ತೆರೆಯನ್ನು ಅವರು ಹೊರಗಿನಿಂದ ಬಂದುದೆಂದು ನಂಬುತ್ತಾರೆ.

ವಾಣಿಜ್ಯ ವಿಭಾಗದ ಸ್ನೇಹಿತರ ನೆರವಿನಿಂದ ನಮ್ಮ ಕಾಲೇಜಿನ ಇತಿಹಾಸದ ವಿದ್ಯಾರ್ಥಿಗಳಿಗೂ ಈ ಆಟವನ್ನು ಆಡಿಸಿದೆವು. ತರಗತಿಯಲ್ಲಿ ಮದ್ಯದ ಹೆಸರು ಬೇಡವೆಂದು ಪೆಟ್ಟಿಗೆಗಳ ಬದಲು ಸಕ್ಕರೆಯ ಮೂಟೆಗಳೆಂದು ಹೇಳಿದೆವು, ನಿಯಮಗಳನ್ನು ಬದಲಿಸಲಿಲ್ಲ. ಗ್ರಂಥಗಳಲ್ಲಿ ಓದಿದ್ದಂತೆಯೆ ಎಲ್ಲವೂ ನಡೆಯಿತು. ಹತ್ತನೆಯ ವಾರದ ಹೊತ್ತಿಗೆ ಸಗಟು ವ್ಯಾಪಾರಿಯ ಸ್ಥಾನದಲ್ಲಿದ್ದವನು ಅಂಗಡಿಯವನ ಮೇಲೆ ಕಣ್ಣು ಕೆಂಪಗೆ ಮಾಡಿದನು. ಅಂಗಡಿಯವನು ಕಾರ್ಖಾನೆಯನ್ನು ದೂರಿದನು. ಬೇಡಿಕೆಯ ಎಲೆಗಳನ್ನು ಬಿಚ್ಚಿ ತೋರಿಸಿದಾಗ ಕೊಠಡಿಯಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಆಗ ಕಬ್ಬು ಬೆಳೆಯುವ ಮನೆತನದಿಂದ ಬಂದ ವಿದ್ಯಾರ್ಥಿಯೊಬ್ಬನು ಎದ್ದು ಕೇಳಿದನು: “ಸರ್, ಕಾರ್ಖಾನೆಯವರು ಚೀಟಿ ಬರೆದ ಹಾಗೆಲ್ಲ ಸಕ್ಕರೆ ಬಂತು. ಕಬ್ಬು ಎಲ್ಲಿಂದ ಬಂತು? ನಮ್ಮಲ್ಲಿ ಕಬ್ಬು ಬೆಳೆಯೋಕೆ ಹನ್ನೆರಡು ತಿಂಗಳು ಬೇಕು.” ಅವನು ಕುಳಿತುಕೊಳ್ಳುವ ಮುನ್ನ ಮತ್ತೊಂದು ಮಾತನ್ನೂ ಸೇರಿಸಿದನು. ಆಟದಲ್ಲಿ ಬಾಕಿ ಎಂದರೆ ಇನ್ನೂ ಕಳುಹಿಸದ ಮೂಟೆ. ತನ್ನ ಮನೆಯಲ್ಲಿ ಬಾಕಿ ಎಂದರೆ ಕಾರ್ಖಾನೆಯಿಂದ ಇನ್ನೂ ಬಾರದ ಕಬ್ಬಿನ ಹಣ. ನಮಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆನ್ನಬಹುದು.

೪

ಆಟವೊಂದರ ಸತ್ಯವನ್ನು ಪರೀಕ್ಷಿಸುವುದಕ್ಕೆ ನಿಜವಾಗಿ ನಡೆದ ಸಂಗತಿಯೊಂದನ್ನು ಅದರ ಪಕ್ಕದಲ್ಲಿ ಇಟ್ಟುನೋಡುವುದು ನಮ್ಮ ಶಾಸ್ತ್ರಕ್ಕೆ ಪರಿಚಿತವಾದ ಮಾರ್ಗ. ಪೂರೈಕೆಯ ಸರಪಣಿ ಎಂಬ ಹೆಸರು ಹೊಸದಾದರೂ ವಸ್ತು ಹಳೆಯದು. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಹತ್ತಿಯ ಸರಪಣಿಯು ಸಮುದ್ರಗಳನ್ನು ದಾಟಿ ಹಬ್ಬಿತ್ತು. ಅದರ ಒಂದು ತುದಿ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಲ್ಲಿ. ಇನ್ನೊಂದು ತುದಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ. ಗುಲಾಮರ ದುಡಿಮೆಯಿಂದ ಬೆಳೆದ ಆ ಹತ್ತಿಯು ಬ್ರಿಟನ್ನಿಗೆ ಬೇಕಾದುದರ ಸುಮಾರು ಐದರಲ್ಲಿ ನಾಲ್ಕು ಪಾಲಿನಷ್ಟಿತ್ತು. ಕಡಮೆ ಬೀಳುವುದನ್ನು ತುಂಬುವ ಸಣ್ಣ ಕವಲುಗಳಲ್ಲೊಂದು ನಮ್ಮ ಧಾರವಾಡದ ಎರೆಭೂಮಿಯವರೆಗೆ ಬಂದಿತ್ತು. ೧೮೬೧ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಗಿ, ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಈ ಸರಪಣಿಯ ಮೇಲೆ ಬಿದ್ದ ಪೆಟ್ಟು ‘ಹತ್ತಿಯ ಬರ’ ಎಂದು ಇತಿಹಾಸದಲ್ಲಿ ಹೆಸರಾಗಿದೆ.

ಬಿಯರ್ ಆಟದ ಮುಖ್ಯ ಬೋಧೆಯನ್ನು ಈ ಸಂಗತಿ ಬಲಪಡಿಸುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಗಿರಣಿಗಳು ನಿಂತದ್ದಕ್ಕೆ ಯುದ್ಧವೊಂದೇ ಕಾರಣವೆಂಬುದು ಆ ಕಾಲದ ಜನರ ನಂಬಿಕೆ. ಆದರೆ ೧೮೫೯–೬೦ರಲ್ಲಿ ಲ್ಯಾಂಕಶೈರಿನ ಮಾಲೀಕರು ಮಿತಿಮೀರಿ ಬಟ್ಟೆ ತಯಾರಿಸಿದ್ದರು. ಭಾರತದ ಮತ್ತು ಚೀನದ ಪೇಟೆಗಳಲ್ಲಿ ಅದು ಮಾರಾಟವಾಗದೆ ಬಿದ್ದಿತ್ತು. ೧೮೬೧ರ ಶರತ್ಕಾಲದಲ್ಲಿ ಗಿರಣಿಗಳ ದುಡಿಮೆಯ ವೇಳೆಯನ್ನು ಇಳಿಸಿದಾಗ ಲಿವರ್‌ಪೂಲಿನ ಉಗ್ರಾಣಗಳಲ್ಲಿ ಇನ್ನೂ ಹತ್ತಿಯಿತ್ತು. ಅಂದರೆ ಮೊದಲ ಚಳಿಗಾಲದ ಸಂಕಟದಲ್ಲಿ ಹಳೆಯ ಭರಾಟೆಯ ಪಾಲು ದೊಡ್ಡದು. ತಾವೇ ಎಬ್ಬಿಸಿದ ತೆರೆಯನ್ನು ಹೊರಗಿನಿಂದ ಬಂದುದೆಂದು ತಿಳಿಯುವ ತಪ್ಪನ್ನು ತರಗತಿಯ ವಿದ್ಯಾರ್ಥಿಗಳಿಗೆ ಮುಂಚೆಯೇ ಮಾಂಚೆಸ್ಟರಿನ ಧನಿಕರು ಮಾಡಿದ್ದರು.

ಮುಂದಿನದು ನಿಜವಾದ ಕೊರತೆ. ೧೮೬೨ರ ಕೊನೆಯ ಹೊತ್ತಿಗೆ ಲ್ಯಾಂಕಶೈರಿನ ಪ್ರಾಂತದಲ್ಲಿ ಸುಮಾರು ೫ ಲಕ್ಷ ಜನ ಪರಿಹಾರದ ಅನ್ನವನ್ನು ಉಣ್ಣುತ್ತಿದ್ದರು. ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ ಯುದ್ಧಕ್ಕೆ ಹಿಂದಿನದರ ನಾಲ್ಕರಷ್ಟಾಯಿತು. ಭಾರತದಿಂದ ಬ್ರಿಟನ್ನಿಗೆ ಹೋಗುವ ಹತ್ತಿ ಕೆಲವೇ ವರ್ಷಗಳಲ್ಲಿ ಎರಡರಷ್ಟಕ್ಕೂ ಮಿಕ್ಕಿತು. ಮುಂಬಯಿಗೆ ಹರಿದುಬಂದ ಹಣವು ಬ್ಯಾಂಕುಗಳಾಗಿ, ಸಮುದ್ರವನ್ನು ತುಂಬಿ ನೆಲಮಾಡುವ ಕಂಪನಿಗಳಾಗಿ, ಅವುಗಳ ಷೇರುಗಳ ಜೂಜಾಗಿ ಬೆಳೆಯಿತು. ೧೮೬೫ರ ವಸಂತದಲ್ಲಿ ಯುದ್ಧ ಮುಗಿದ ಸುದ್ದಿ ಬಂದಿತು. ಹತ್ತಿಯ ಬೆಲೆ ಕುಸಿಯಿತು. ಜುಲೈ ೧ರಂದು ಷೇರುಗಳ ವಾಯಿದೆ ತೀರಿಸಬೇಕಾದಾಗ ಮುಂಬಯಿಯ ಎಷ್ಟೋ ದೊಡ್ಡ ಮನೆತನಗಳು ಮುಳುಗಿದವು. ಆಟದ ಕೊನೆಯಲ್ಲಿ ಉಗ್ರಾಣಕ್ಕೆ ನುಗ್ಗುವ ಪ್ರವಾಹ ಇದೇ.

ಧಾರವಾಡದ ಕಡೆ ಏನಾಯಿತು? ೧೮೪೦ರ ದಶಕದಿಂದಲೇ ನ್ಯೂ ಆರ್ಲಿಯನ್ಸಿನ ಬೀಜ ಇಲ್ಲಿ ನೆಲೆಯೂರಿ ‘ಧಾರವಾಡ–ಅಮೆರಿಕನ್’ ಎಂಬ ತಳಿಯಾಗಿತ್ತು. ೧೮೫೭ರಲ್ಲಿ ಸ್ಥಾಪಿತವಾದ ಮಾಂಚೆಸ್ಟರಿನ ಹತ್ತಿ ಸರಬರಾಯಿ ಸಂಘದ ಕಣ್ಣು ಈ ಸೀಮೆಯ ಮೇಲಿತ್ತು. ಧಾರವಾಡದ ಹತ್ತಿಗೆ ಕಾರವಾರವನ್ನು ಬಂದರಾಗಿ ಬೆಳೆಸಬೇಕೆಂಬ ಒತ್ತಾಯದ ನಡುವೆ ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಜಿಲ್ಲೆಯ ಗಡಿಯನ್ನೇ ಕದಲಿಸುವಷ್ಟು ಬಲವಾಗಿ ಚಾಟಿಯ ತುದಿ ಬೀಸಿತೆಂದರೆ ಅತಿಶಯೋಕ್ತಿಯಾಗದು.

೫

ಇಷ್ಟರವರೆಗೆ ಆಟವೂ ಇತಿಹಾಸವೂ ಜೊತೆಯಾಗಿ ನಡೆದವು. ಇನ್ನು ಮುಂದೆ ದಾರಿ ಕವಲೊಡೆಯುತ್ತದೆ. ಆಟದಲ್ಲಿ ನಾವು ಕಾಣುವ ಕೊರತೆಗಳು ಮೂರು.

ಮೊದಲನೆಯದು, ಆಟದಲ್ಲಿ ಸರಕು ಕೆಡುವುದಿಲ್ಲ, ಬೆಲೆ ಬದಲಾಗುವುದಿಲ್ಲ. ಪೆಟ್ಟಿಗೆ ಎಲ್ಲ ಕೈಗಳಲ್ಲಿಯೂ ಅದೇ ಪೆಟ್ಟಿಗೆ. ಹತ್ತಿ ಹಾಗಲ್ಲ. ಕೊರತೆಯ ದಿನಗಳಲ್ಲಿ ತೂಕ ಹೆಚ್ಚಿಸಲು ಕಸ, ಬೀಜ, ನೀರು ಸೇರಿಸುವುದೂ, ಉತ್ತಮ ತಳಿಗೆ ಕೀಳು ತಳಿಯನ್ನು ಬೆರೆಸುವುದೂ ಹೆಚ್ಚಿದವು. ಭಾರತದ ಹತ್ತಿಗೆಲ್ಲ ಲ್ಯಾಂಕಶೈರಿನಲ್ಲಿ ‘ಸೂರತ್’ ಎಂದೇ ಹೆಸರು. ಆ ಮಾತು ಅಲ್ಲಿ ಕೀಳು ಸರಕಿಗೆ ಪರ್ಯಾಯವಾಗಿ ಹೋಯಿತು. ೧೮೬೩ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಮೋಸವನ್ನು ತಡೆಯಲು ಕಾಯಿದೆ ಮಾಡಿತು. ಇಲ್ಲಿ ಆಟದ ಬೋಧೆಯು ಇತಿಹಾಸಕಾರನಿಗೆ ನೆರವಾಗುವುದನ್ನೂ ಹೇಳಬೇಕು. ಶುದ್ಧವಾದ ಹತ್ತಿಗೆ ಬೆಳೆದವನ ಕೈಗೆ ಹೆಚ್ಚಿನ ಬೆಲೆ ತಲಪದ ವ್ಯವಸ್ಥೆಯಲ್ಲಿ ಬೆರಕೆ ತಾನಾಗಿ ಹುಟ್ಟುತ್ತದೆ. ಕಾಯಿದೆಯು ವ್ಯವಸ್ಥೆಯನ್ನು ಬಿಟ್ಟು ವ್ಯಕ್ತಿಗಳನ್ನು ಹಿಡಿಯಿತು. ಮೇಜಿನ ಸುತ್ತ ಕುಳಿತು ಒಬ್ಬರನ್ನೊಬ್ಬರು ದೂರುವ ವಿದ್ಯಾರ್ಥಿಗಳು ಮಾಡುವುದೂ ಅದನ್ನೇ.

ಎರಡನೆಯದು, ಆಟದಲ್ಲಿ ನಾಲ್ವರ ಖರ್ಚನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸುತ್ತಾರೆ. ನಾಲ್ವರೂ ಒಂದೇ ದೋಣಿಯಲ್ಲಿದ್ದಾರೆ ಎಂಬ ಭಾವನೆ ಇದರಿಂದ ಬೇರೂರುತ್ತದೆ. ಇತಿಹಾಸದಲ್ಲಿ ಅಂತಹ ಒಂದೇ ಪಟ್ಟಿಯನ್ನು ನಾವು ಕಂಡಿಲ್ಲ. ಬೆಲೆ ಏರಿದಾಗ ಹತ್ತಿಯನ್ನು ಹಿಡಿದಿಟ್ಟವನಿಗೆ ಲಾಭ. ಅದೇ ಬೆಲೆಯಲ್ಲಿ ಹತ್ತಿ ಕೊಳ್ಳಬೇಕಾದ ಇಲ್ಲಿಯ ನೂಲುವವರಿಗೂ ನೇಕಾರರಿಗೂ ನಷ್ಟ. ತೆರೆಯ ಮೇಲೆ ಕುಳಿತು ಸಾಗಿದವರೂ ಉಂಟು, ಅದರ ಕೆಳಗೆ ಸಿಕ್ಕವರೂ ಉಂಟು. ಇಬ್ಬರ ಲೆಕ್ಕವನ್ನೂ ಕೂಡಿಸಿ ಒಂದು ಮೊತ್ತ ಹೇಳಿದರೆ ಸತ್ಯ ಮರೆಯಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನಮ್ಮ ವಿದ್ಯಾರ್ಥಿ ಕೇಳಿದ ಪ್ರಶ್ನೆಯೂ ಅದೇ. ಆಟದ ಸರಪಣಿ ಕಾರ್ಖಾನೆಯಲ್ಲಿ ಮುಗಿಯುತ್ತದೆ. ಅದರಾಚೆಗೆ ಬಾರ್ಲಿ ಬೆಳೆಯುವವನಿಗೆ ಸ್ಥಾನವೇ ಇಲ್ಲ. ಕಾರ್ಖಾನೆ ಬೇಕೆಂದಷ್ಟು ಕಚ್ಚಾ ಸಾಮಗ್ರಿ ಎಲ್ಲಿಂದಲೋ ಬರುತ್ತದೆ. ಧಾರವಾಡದ ಹತ್ತಿಯ ವಿಷಯದಲ್ಲಿ ಇಂತಹ ಮರೆವು ಮಾರುಕಟ್ಟೆಯ ಹೆಸರುಗಳಲ್ಲಿಯೇ ಅಡಗಿದೆ. ಈ ಜಿಲ್ಲೆಯ ನಾಡ ತಳಿಯ ಹತ್ತಿಯು ಬಂಡಿಗಳ ಮೇಲೆ ಘಟ್ಟವಿಳಿದು ಕುಮಟೆಯಲ್ಲಿ ಹಡಗು ಏರುತ್ತಿತ್ತು. ಆದುದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದು ಹೆಸರಾಯಿತು. ಕುಮಟೆಯಲ್ಲಿ ಆ ಹತ್ತಿ ಬೆಳೆಯಲಿಲ್ಲ. ಏರಿಸಿದ ಬಂದರಿನ ಹೆಸರು ಉಳಿಯಿತು; ಬೆಳೆದ ಹೊಲದ ಹೆಸರು ಘಟ್ಟದ ಮೇಲೆಯೇ ಉಳಿದುಹೋಯಿತು.

ಬೆಳೆಯುವವನ ಸ್ಥಾನವು ಉಳಿದ ನಾಲ್ಕರಂತೆ ಮತ್ತೊಂದು ಸ್ಥಾನವಲ್ಲ. ಅದರ ಕಾಲಮಾನವೇ ಬೇರೆ. ವ್ಯಾಪಾರಿಯು ವಾರವಾರಕ್ಕೂ ಮನಸ್ಸನ್ನು ಬದಲಿಸಬಹುದು. ಒಕ್ಕಲಿಗನು ಬಿತ್ತನೆಯ ದಿನ ಒಮ್ಮೆ ನಿರ್ಧರಿಸಿದರೆ ಸುಗ್ಗಿಯವರೆಗೆ ಅದೇ ನಿರ್ಧಾರ. ಬಿತ್ತುವಾಗ ಇದ್ದ ಬೆಲೆ ಮಾರುವಾಗ ಇರುತ್ತದೆಂಬ ಭರವಸೆಯಿಲ್ಲ. ನಡುವಿನ ತಿಂಗಳುಗಳನ್ನು ಸಾಹುಕಾರನ ಸಾಲದಿಂದ ದಾಟಬೇಕು. ಅಲ್ಲದೆ ಆಟವು ಮೂವತ್ತಾರನೆಯ ವಾರಕ್ಕೆ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. ಭರಾಟೆಯ ಕಾಲದ ಬೆಲೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ೧೮೬೭ರಿಂದ ಪುಣೆ ಜಿಲ್ಲೆಯಲ್ಲಿ ಭೂಕಂದಾಯವನ್ನು ಏರಿಸಲಾಯಿತು. ಅಷ್ಟರಲ್ಲಿ ಬೆಲೆಗಳು ಇಳಿಯತೊಡಗಿದ್ದವು. ೧೮೭೫ರ ಮೇ ತಿಂಗಳಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ಒಕ್ಕಲಿಗರು ಸಾಹುಕಾರರ ಸಾಲಪತ್ರಗಳನ್ನು ಕಿತ್ತು ಸುಟ್ಟರು. ಆ ದಂಗೆಗೆ ಹತ್ತಿಯ ಭರಾಟೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ದಂಗೆಯೆದ್ದ ಊರುಗಳಲ್ಲಿ ಹತ್ತಿ ಮುಖ್ಯ ಬೆಳೆಯಾಗಿರಲಿಲ್ಲವೆಂಬ ಆಕ್ಷೇಪಣೆಯನ್ನು ವಿದ್ವಾಂಸರು ಎತ್ತಿದ್ದಾರೆ, ಅದು ಯುಕ್ತವೂ ಹೌದು. ಆದರೆ ಭರಾಟೆಯ ದಿನಗಳಲ್ಲಿ ಸುಲಭವಾಗಿ ಸಿಕ್ಕ ಸಾಲ, ಭರಾಟೆಯನ್ನು ನಂಬಿ ಏರಿಸಿದ ಕಂದಾಯ, ಇವೆರಡೂ ತೆರೆ ಇಳಿದ ಮೇಲೂ ಇಳಿಯಲಿಲ್ಲವೆಂಬುದು ನಿರ್ವಿವಾದ.

೬

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಆಟವೆಂದರೆ ಸರಳೀಕರಣ, ಎಲ್ಲವನ್ನೂ ಸೇರಿಸಹೊರಟರೆ ಅದು ಆಟವಾಗಿ ಉಳಿಯುವುದಿಲ್ಲ. ಭೂಪಟವು ಭೂಮಿಯಷ್ಟೇ ದೊಡ್ಡದಾಗಬೇಕೆಂದು ಯಾರೂ ಕೇಳುವುದಿಲ್ಲವಷ್ಟೆ. ಈ ಮಾತನ್ನು ನಾವು ಒಪ್ಪುತ್ತೇವೆ. ಬೆಲೆಯನ್ನು ಬಿಟ್ಟುದರಿಂದಲೇ ವಿಳಂಬದ ಪರಿಣಾಮವು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಇದು ಆಟವನ್ನು ರಚಿಸಿದವರ ಜಾಣ್ಮೆಯೇ ಸರಿ. ಹೌ ಲೀ ಮತ್ತು ಅವರ ಸಂಗಡಿಗರು ೧೯೯೭ರಲ್ಲಿ ಚಾಟಿಯ ಪರಿಣಾಮಕ್ಕೆ ಕಾರಣಗಳನ್ನು ಎಣಿಸುವಾಗ ಬೆಲೆಯ ಏರಿಳಿತವನ್ನೂ, ಕೊರತೆಯ ಕಾಲದಲ್ಲಿ ಬೇಕಾದುದಕ್ಕಿಂತ ಹೆಚ್ಚು ಬೇಡುವ ತಂತ್ರವನ್ನೂ ಸೇರಿಸಿದ್ದಾರೆ. ಆದುದರಿಂದ ಶಾಸ್ತ್ರವು ಆಟಕ್ಕಿಂತ ಮುಂದೆ ಹೋಗಿದೆ. ಆದರೆ ತರಗತಿಯಲ್ಲಿ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುವುದು ಆಟ. ಬಿಟ್ಟುದು ಯಾವುದೆಂದು ಅವನಿಗೆ ಹೇಳದಿದ್ದರೆ, ಬಿಟ್ಟುದು ಇಲ್ಲವೇ ಇಲ್ಲವೆಂದು ಅವನು ತಿಳಿಯುತ್ತಾನೆ. ನಮ್ಮ ಆಕ್ಷೇಪಣೆ ಸರಳೀಕರಣದ ಮೇಲಲ್ಲ, ಅದನ್ನು ಕುರಿತ ಮೌನದ ಮೇಲೆ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕವುಳ್ಳದ್ದು. ದೋಷವೆಲ್ಲ ಸುದ್ದಿಯ ಕೊರತೆಯಿಂದ ಹುಟ್ಟಿತು. ಸರಪಣಿಯ ಎಲ್ಲರಿಗೂ ಎಲ್ಲವೂ ಕಾಣುವಂತೆ ಮಾಡಿದರೆ ತೆರೆ ಅಡಗುತ್ತದೆ ಎಂಬುದು ಈ ಆಟದಿಂದ ಸಾಮಾನ್ಯವಾಗಿ ತೆಗೆಯುವ ನೀತಿ. ಇದರಲ್ಲಿ ಸತ್ಯಾಂಶವಿದೆ, ಪೂರ್ಣಸತ್ಯವಿಲ್ಲ. ರೇಚೆಲ್ ಕ್ರೋಸನ್, ಕರೆನ್ ಡೊನೊಹ್ಯೂ ಇವರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರ ಬೇಡಿಕೆಯ ಸ್ವರೂಪವನ್ನು ಎಲ್ಲ ಆಟಗಾರರಿಗೂ ಮೊದಲೇ ತಿಳಿಸಲಾಗಿತ್ತು. ಆದರೂ ಚಾಟಿಯ ಪರಿಣಾಮ ಕಂಡುಬಂದಿತು. ಪರಸ್ಪರರ ದಾಸ್ತಾನು ಕಾಣುವಂತೆ ಮಾಡಿದಾಗ ಅದು ತಗ್ಗಿತು, ಅಳಿಯಲಿಲ್ಲ. ಇತಿಹಾಸದ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಯೂರೋಪಿಗೂ ಭಾರತಕ್ಕೂ ತಂತಿಯ ಸಂಬಂಧ ಏರ್ಪಟ್ಟುದು ೧೮೬೫ರ ಆರಂಭದಲ್ಲಿ. ವಾರಗಟ್ಟ ಕಾಯಬೇಕಾಗಿದ್ದ ಸುದ್ದಿ ದಿನಗಳಲ್ಲಿ ಬರಲು ಸಾಧ್ಯವಾಯಿತು. ಅದೇ ವರ್ಷ ಮುಂಬಯಿ ಮುಳುಗಿತು. ಸುದ್ದಿ ಬೇಗ ಬಂದುದರಿಂದ ತೆರೆ ನಿಲ್ಲಲಿಲ್ಲ. ಓಡಿ ದಡ ಸೇರುವ ಶಕ್ತಿಯಿದ್ದವರಿಗೆ ಮಾತ್ರ ಬೇಗ ತಿಳಿಯಿತು.

ನಮ್ಮ ಕಾಲದ ನಿದರ್ಶನವೂ ಇದೆ, ಅದೂ ಬಟ್ಟೆಯದೇ. ೨೦೨೦ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕ ರೋಗದಿಂದ ಪಾಶ್ಚಾತ್ಯ ದೇಶಗಳ ಅಂಗಡಿಗಳು ಮುಚ್ಚಿದಾಗ ದೊಡ್ಡ ಕೊಳ್ಳುಗ ಕಂಪನಿಗಳು ಬಾಂಗ್ಲಾದೇಶದ ಉಡುಪಿನ ಕಾರ್ಖಾನೆಗಳಿಗೆ ಕೊಟ್ಟಿದ್ದ ಬೇಡಿಕೆಗಳನ್ನು ಹಿಂತೆಗೆದುಕೊಂಡವು, ಇಲ್ಲವೆ ತಡೆಹಿಡಿದವು. ಅಲ್ಲಿಯ ತಯಾರಕರ ಸಂಘದ ಲೆಕ್ಕದಂತೆ ಇದರ ಮೊತ್ತ ೩೦೦ ಕೋಟಿ ಡಾಲರುಗಳಿಗೂ ಹೆಚ್ಚು. ಇದರಿಂದ ತೊಂದರೆಗೊಳಗಾದ ಕೆಲಸಗಾರರು ೨೦ ಲಕ್ಷಕ್ಕೂ ಮಿಕ್ಕವರು. ಹೊಲಿದು ಮುಗಿದ ಬಟ್ಟೆಗೂ ಕೆಲವರು ಹಣ ಕೊಡಲೊಲ್ಲೆವೆಂದರು. ಲೋಕನಿಂದೆಯ ತರುವಾಯ ಅವರಲ್ಲಿ ಹಲವರು ಒಪ್ಪಿದರು. ಈ ಸರಪಣಿಯಲ್ಲಿ ಗಣಕಯಂತ್ರಗಳಿಗೂ ಸುದ್ದಿಗೂ ಕೊರತೆಯಿರಲಿಲ್ಲ. ಒಂದು ಚೀಟಿಯನ್ನು ಹರಿದುಹಾಕುವ ಅಧಿಕಾರ ಯಾರಿಗಿದೆ, ಹರಿದ ಚೀಟಿಯ ನಷ್ಟ ಯಾರ ಪಾಲಿಗೆ ಬೀಳುತ್ತದೆ ಎಂಬ ಪ್ರಶ್ನೆಗೆ ಸುದ್ದಿಯು ಉತ್ತರವಾಗಲಾರದು.

೭

ಹಾಗಾದರೆ ಈ ಆಟವನ್ನು ಬಿಡಬೇಕೆ? ನಮ್ಮ ಅಭಿಪ್ರಾಯ ಅದಲ್ಲ. ಸಂಕಟ ಬಂದಾಗ ಒಬ್ಬ ಅಪರಾಧಿಯನ್ನು ಹುಡುಕುವ ಮನುಷ್ಯಸ್ವಭಾವವನ್ನು ಇಷ್ಟು ಚೊಕ್ಕವಾಗಿ ಬಯಲಿಗೆಳೆಯುವ ಪಾಠವನ್ನು ನಾವು ಬೇರೆ ಕಂಡಿಲ್ಲ. ಇತಿಹಾಸದ ತರಗತಿಗೂ ಇದು ಬೇಕು; ಕಾರಣವನ್ನು ವ್ಯಕ್ತಿಯಲ್ಲಿ ಮಾತ್ರ ಹುಡುಕುವ ಚಟ ನಮ್ಮ ವಿದ್ಯಾರ್ಥಿಗಳಲ್ಲಿಯೂ ಕಡಮೆಯೇನಿಲ್ಲ. ನಾವು ಸೂಚಿಸುವುದು ಒಂದು ತಿದ್ದುಪಡಿಯನ್ನು. ಆಟವನ್ನು ಮೊದಲು ಇದ್ದಂತೆಯೆ ಆಡಿಸಬೇಕು. ಎರಡನೆಯ ಸಲ ಕಾರ್ಖಾನೆಯ ಆಚೆಗೆ ಐದನೆಯ ಸ್ಥಾನವೊಂದನ್ನು ಹಾಕಬೇಕು. ಅಲ್ಲಿ ಕುಳಿತವನು ಹನ್ನೆರಡು ವಾರಕ್ಕೊಮ್ಮೆ ಮಾತ್ರ ನಿರ್ಧರಿಸಬಲ್ಲನು. ನಡುವೆ ಬಡ್ಡಿಗೆ ಸಾಲ ತರಬೇಕು. ಅವನ ಬೆಲೆಯನ್ನು ಇತರರು ಗೊತ್ತುಮಾಡುತ್ತಾರೆ. ಐವರ ಲೆಕ್ಕಗಳನ್ನೂ ಕೂಡಿಸದೆ ಬೇರೆಬೇರೆಯಾಗಿ ಹಲಗೆಯ ಮೇಲೆ ಬರೆಯಬೇಕು. ಕೊನೆಯಲ್ಲಿ ಹತ್ತಿಯ ಬರದಂತಹ ಒಂದು ನಿಜವಾದ ಪ್ರಸಂಗವನ್ನು ವಿದ್ಯಾರ್ಥಿಗಳಿಂದ ಓದಿಸಬೇಕು.

ಈ ರೀತಿಯಲ್ಲಿ ನಾವು ಒಮ್ಮೆ ಆಡಿಸಿ ನೋಡಿದೆವು. ಒಂದು ಸಲದ ಪ್ರಯೋಗದಿಂದ ಸಿದ್ಧಾಂತವನ್ನು ಮಾಡುವುದು ಸಲ್ಲದೆಂಬುದನ್ನು ಬಲ್ಲೆವು. ಆದುದರಿಂದ ಕಂಡುದನ್ನು ಮಾತ್ರ ಹೇಳುತ್ತೇವೆ. ನಾಲ್ಕು ಸ್ಥಾನದವರು ಮೊದಲ ಸಲದ ಪಾಠವನ್ನು ಕಲಿತಿದ್ದರು. ಅವರ ಖರ್ಚು ಇಳಿದಿತ್ತು. ಅವರು ಸಂತೋಷದಿಂದ ತಮ್ಮ ಅಂಕೆಗಳನ್ನು ಬರೆದು ಮುಗಿಸಿದ ಮೇಲೆಯೂ ಐದನೆಯವನು ಬಡ್ಡಿಯನ್ನು ಕೂಡಿಸುತ್ತಲೇ ಇದ್ದನು. ಅಲ್ಲಿ ಕುಳಿತವನು ಮೊದಲ ದಿನ ಪ್ರಶ್ನೆ ಕೇಳಿದ ವಿದ್ಯಾರ್ಥಿಯಲ್ಲ. ಪಟ್ಟಣದಲ್ಲಿ ಬೆಳೆದ ಅವನ ಗೆಳೆಯ. ಲೆಕ್ಕ ಮುಗಿದಾಗ ಅವನು ಯಾರನ್ನೂ ದೂರಲಿಲ್ಲ. ಮುಂದಿನ ಹಂಗಾಮಿಗೆ ಬೀಜದ ಸಾಲ ಎಲ್ಲಿ ಸಿಗುತ್ತದೆಂದು ಕೇಳಿದನು.

ಆಟವು ಅಲ್ಲಿಗೆ ಮುಗಿದಿತ್ತು. ಆದುದರಿಂದ ನಿಯಮಾವಳಿಯಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಉತ್ತರವು ಕಡತಗಳಲ್ಲಿದೆ, ಕಂದಾಯದ ವರದಿಗಳಲ್ಲಿದೆ, ಸಾಲಪತ್ರಗಳಲ್ಲಿದೆ. ಆಟ ನಿಲ್ಲುವ ಸ್ಥಳದಿಂದ ವಿದ್ಯಾರ್ಥಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ವಾಣಿಜ್ಯದ ಅಧ್ಯಾಪಕರೂ ಇತಿಹಾಸದ ಅಧ್ಯಾಪಕರೂ ಕೂಡಿ ಮಾಡಬೇಕಾದ ಕೆಲಸವೆಂದು ಹೇಳಿ ಈ ವಿಮರ್ಶೆಯನ್ನು ಮುಗಿಸುತ್ತೇವೆ.